ಸುಬೇದಾರ್ ಸಾಬ್ ಅರಬ್ಬಿಯಲ್ಲಿ ಯಾರು? ಮಿಲ್ಟ್ರಿ ರ‍್ಯಾಂಕ್ ಸರಿಯಾಗಿ ಬರೆಸುವ ಬಗೆ

ಕೊಡಗಿನಲ್ಲಿ ಮಿಲ್ಟ್ರಿಯವರಿಲ್ಲದ ಊರು ಹುಡುಕುವುದು ಕಷ್ಟ. ಸಿಪಾಯಿಯಾಗಿ ಸೇರಿದವರು ಎಷ್ಟೋ ಜನ ನಲವತ್ತರ ಆಸುಪಾಸಿನಲ್ಲೇ ಪಿಂಚಣಿ ತೆಗೆದುಕೊಂಡು ಊರಿಗೆ ಬರುತ್ತಾರೆ. ತೋಟ ನೋಡಿಕೊಂಡು ಇರಬಹುದು, ನಿಜ. ಆದರೆ ಮಕ್ಕಳ ಓದು, ಮನೆ ಸಾಲ ಅಂತ ಇದ್ದೇ ಇರುತ್ತದಲ್ವಾ, ಹಾಗಾಗಿ ದುಬೈ, ದೋಹಾ, ಮಸ್ಕತ್ ಕಡೆ ಸೆಕ್ಯೂರಿಟಿ ಸೂಪರ್‌ವೈಸರ್ ಅಂತಲೋ ಫೈರ್ ಸೇಫ್ಟಿ ಅಂತಲೋ ಕೆಲಸ ನೋಡುತ್ತಾರೆ. ಆಗ ಸೇನೆ ಬಿಡುವಾಗ ಕೊಡುವ ಡಿಸ್ಚಾರ್ಜ್ ಬುಕ್ಕಿನಲ್ಲಿರುವ ರ‍್ಯಾಂಕು ಅರಬ್ಬಿಗೆ ಹೋಗಬೇಕಾಗುತ್ತದೆ. ಎಡವಟ್ಟು ಆಗುವುದು ಅಲ್ಲೇ.

ಅಲ್ಲಿ ಅರ್ಜಿ, ಕಾಗದ ಬರೆದುಕೊಡುವ ಟೈಪಿಂಗ್ ಸೆಂಟರ್‌ನಲ್ಲಿ ಕೂತವರಿಗೆ ಭಾರತದ ಸೇನೆಯ ಬಗ್ಗೆ ಗೊತ್ತಿರುವುದಿಲ್ಲ. ಇಂಗ್ಲಿಷ್ ಪದ ನೋಡುತ್ತಾರೆ, ಅದಕ್ಕೆ ತೋಚಿದ ಅರಬ್ಬಿ ಪದ ಹಾಕುತ್ತಾರೆ, ಸೀಲು ಒತ್ತುತ್ತಾರೆ. ಸುಬೇದಾರ್ ಮೇಜರ್ ಆಗಿದ್ದವರು ಮೇಜರ್ ಆಗಿಬಿಡುತ್ತಾರೆ. ಬ್ರಿಗೇಡಿಯರ್ ಆಗಿದ್ದವರಿಗೆ ಮೇಜರ್ ಜನರಲ್ ಬಡ್ತಿ ಸಿಗುತ್ತದೆ. ನೇವಿಯಲ್ಲಿ ಲೆಫ್ಟಿನೆಂಟ್ ಆಗಿದ್ದವರು ಒಂದು ಮೆಟ್ಟಿಲು ಕೆಳಗೆ ಇಳಿಯುತ್ತಾರೆ. ಪುಕ್ಕಟೆ ಬಡ್ತಿ ಸಿಕ್ಕಿತು ಅಂತ ಖುಷಿಪಡಬೇಡಿ. ಅರಬ್ಬಿ ಕಾಗದದಲ್ಲಿ ಆಫೀಸರ್, ಪಿಂಚಣಿ ಕಾಗದದಲ್ಲಿ ಜೆಸಿಒ (ಹವಾಲ್ದಾರ್‌ಗೂ ಆಫೀಸರ್‌ಗೂ ನಡುವಿನ ಸುಬೇದಾರ್ ಸಾಲಿನವರು) ಅಂತ ಇದ್ದರೆ ನೋಡಿದವರು ಮೊದಲು ಅಂದುಕೊಳ್ಳುವುದು ಕಾಗದವೇ ನಕಲಿ ಅಂತ.

ಆದ್ದರಿಂದ ಒಂದು ನಿಯಮ ಮೊದಲೇ ಹೇಳಿಬಿಡುತ್ತೇನೆ. ಪದ ನೋಡಬೇಡಿ, ಮೆಟ್ಟಿಲು ನೋಡಿ. ಮೆಣಸು ಕೊಯ್ಯುವ ಏಣಿ ಇದೆಯಲ್ಲ, ಅದರಲ್ಲಿ ನೀವು ಎಷ್ಟನೇ ಗೆಣ್ಣಿನ ಮೇಲೆ ನಿಂತಿದ್ದೀರಿ ಅನ್ನುವುದು ಮುಖ್ಯ, ಗೆಣ್ಣಿಗೆ ಏನು ಹೆಸರು ಅನ್ನುವುದಲ್ಲ. ನಮ್ಮ ಸೇನೆಯ ಏಣಿಯಲ್ಲಿ ನಿಮ್ಮ ಜಾಗ ಯಾವುದು ಅಂತ ಮೊದಲು ನೋಡಿ. ಆಮೇಲೆ ಅರಬ್ ಸೇನೆಯ ಏಣಿಯಲ್ಲಿ ಅದೇ ಎತ್ತರದಲ್ಲಿ ಯಾವ ಹೆಸರಿದೆ ಅಂತ ನೋಡಿ. ಅಲ್ಲಿ ಆ ಮೆಟ್ಟಿಲೇ ಇಲ್ಲದಿದ್ದರೆ ಭಾರತದ ಹೆಸರನ್ನೇ ಅರಬ್ಬಿ ಅಕ್ಷರದಲ್ಲಿ ಬರೆಸಿ, ಪಕ್ಕದಲ್ಲಿ ಒಂದು ಸಾಲು ವಿವರಣೆ ಹಾಕಿಸಿ.

ಆಫೀಸರ್‌ಗಳ ಏಣಿ

ಇದು ಸುಲಭ. ಕಾರಣ ಏನೆಂದರೆ ಈಜಿಪ್ಟ್, ಜೋರ್ಡಾನ್, ಕೊಲ್ಲಿ ದೇಶಗಳು, ನಾವು, ಎಲ್ಲರೂ ಹೆಚ್ಚುಕಡಿಮೆ ಬ್ರಿಟಿಷರ ಭುಜಪಟ್ಟಿಯ ಲೆಕ್ಕವನ್ನೇ ಉಳಿಸಿಕೊಂಡಿದ್ದೇವೆ. ಬ್ರಿಟಿಷರ ಕಿರೀಟ ಇದ್ದ ಜಾಗಕ್ಕೆ ನಮ್ಮಲ್ಲಿ ಅಶೋಕ ಸಿಂಹ ಬಂತು, ಅಲ್ಲಿ ಹದ್ದೋ ಕಿರೀಟವೋ ಬೇರೆ ಲಾಂಛನವೋ ಇದೆ. ನಕ್ಷತ್ರ ಮಾತ್ರ ಹಾಗೇ ಉಳಿದಿದೆ.

ಕೆಳಗಿನಿಂದ ಬರೋಣ. ಒಂದು ನಕ್ಷತ್ರದ ಸೆಕೆಂಡ್ ಲೆಫ್ಟಿನೆಂಟ್ ಅಂದರೆ ಮುಲಾಝಿಮ್, ಕೆಲವು ದೇಶಗಳಲ್ಲಿ ಮುಲಾಝಿಮ್ ಸಾನಿ. ಎರಡು ನಕ್ಷತ್ರದ ಲೆಫ್ಟಿನೆಂಟ್ ಮುಲಾಝಿಮ್ ಅವ್ವಲ್. ಮೂರು ನಕ್ಷತ್ರದ ಕ್ಯಾಪ್ಟನ್ ನಕೀಬ್. ಸಿಂಹ ಬಂದರೆ ಮೇಜರ್, ಅರಬ್ಬಿಯಲ್ಲಿ ರಾಯಿದ್. ಸಿಂಹದ ಜೊತೆ ಒಂದು ನಕ್ಷತ್ರ ಇದ್ದರೆ ಲೆಫ್ಟಿನೆಂಟ್ ಕರ್ನಲ್, ಅಲ್ಲಿ ಮುಕದ್ದಮ್. ಎರಡು ನಕ್ಷತ್ರ ಇದ್ದರೆ ಕರ್ನಲ್, ಅಲ್ಲಿ ಅಕೀದ್. ಲಿಬಿಯಾದ ಗಡಾಫಿಯನ್ನು ಕೊನೆಯವರೆಗೂ ಕರೆಯುತ್ತಿದ್ದದ್ದು ಅಲ್ ಅಕೀದ್ ಅಂತಲೇ. ಸಿಂಹದ ಜೊತೆ ಮೂರು ನಕ್ಷತ್ರದ ಬ್ರಿಗೇಡಿಯರ್ ಅಮೀದ್. ಅಲ್ಲಿಂದ ಮೇಲೆ ಅಡ್ಡ ಕತ್ತಿಯ ಕಾಲ. ಮೇಜರ್ ಜನರಲ್ ಲಿವಾ, ಲೆಫ್ಟಿನೆಂಟ್ ಜನರಲ್ ಫರೀಕ್, ಜನರಲ್ ಫರೀಕ್ ಅವ್ವಲ್, ಎಲ್ಲಕ್ಕೂ ಮೇಲೆ ಫೀಲ್ಡ್ ಮಾರ್ಷಲ್ ಮುಶೀರ್.

ನಮ್ಮ ಜಿಲ್ಲೆಯವರನ್ನೇ ಇಟ್ಟು ನೋಡಿ, ನೆನಪಿರುತ್ತದೆ. 1949ರ ಜನವರಿ 15ರಂದು ಸೇನೆಯ ಮೊದಲ ಭಾರತೀಯ ಕಮಾಂಡರ್ ಇನ್ ಚೀಫ್ ಆದ ಕಾರ್ಯಪ್ಪನವರು ಆಗ ಜನರಲ್, ಅಂದರೆ ಫರೀಕ್ ಅವ್ವಲ್. 1986ರಲ್ಲಿ ಫೀಲ್ಡ್ ಮಾರ್ಷಲ್ ಪದವಿ ಕೊಟ್ಟ ಮೇಲೆ ಅಲ್ ಮುಶೀರ್. 1957ರಿಂದ 61ರವರೆಗೆ ಸೇನಾ ಮುಖ್ಯಸ್ಥರಾಗಿದ್ದ ತಿಮ್ಮಯ್ಯನವರು ಫರೀಕ್ ಅವ್ವಲ್. ತಿಮ್ಮಯ್ಯನವರ ಮನೆಯಾಗಿದ್ದ ಮಡಿಕೇರಿಯ ಸನ್ನಿಸೈಡ್ ಮ್ಯೂಸಿಯಂಗೆ ಯಾರಾದರೂ ಅರಬ್ ದೇಶದ ಅತಿಥಿ ಬಂದು ಇವರು ಯಾರು ಅಂತ ಕೇಳಿದರೆ ಆ ಎರಡು ಪದ ಹೇಳಿ, ತಕ್ಷಣ ಅರ್ಥವಾಗುತ್ತದೆ. ತಿಮ್ಮಯ್ಯನವರು ಚಿಕ್ಕ ವಯಸ್ಸಿನಲ್ಲಿ ಬಾಗ್ದಾದಿನಲ್ಲೇ ಡ್ಯೂಟಿ ಮಾಡಿದವರು, ಕಾರ್ಯಪ್ಪನವರೂ ಇರಾಕ್ ಕಂಡವರು. ಅವರ ಕಾಲದಲ್ಲಿ ಈ ತಲೆನೋವು ಇರಲಿಲ್ಲ ಬಿಡಿ, ಎಲ್ಲ ಕಾಗದ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು.

ಹಳೆ ನಿಘಂಟು ಇಟ್ಟುಕೊಂಡು ಕೂರಬೇಡಿ ಅಂತಲೂ ಹೇಳಬೇಕು. ಅದರಲ್ಲಿ ಕ್ಯಾಪ್ಟನ್‌ಗೆ ಯೂಝ್‌ಬಾಶಿ, ಲೆಫ್ಟಿನೆಂಟ್ ಕರ್ನಲ್‌ಗೆ ಬಿಕ್‌ಬಾಶಿ ಅಂತ ಸಿಗುತ್ತದೆ. ಅವು ಟರ್ಕಿಯ ಒಟ್ಟೊಮನ್ ಕಾಲದ ಹೆಸರುಗಳು. 1952ರಲ್ಲಿ ಈಜಿಪ್ಟಿನ ರಾಜನನ್ನು ಇಳಿಸಿದಾಗ ನಾಸರ್ ಬಿಕ್‌ಬಾಶಿಯೇ ಆಗಿದ್ದರು. ಆಮೇಲೆ ಅದನ್ನೆಲ್ಲ ತೆಗೆದು ಅರಬ್ಬಿ ಹೆಸರು ತಂದರು. ಇವತ್ತು ಯಾರ ಕಾಗದದಲ್ಲಾದರೂ ಯೂಝ್‌ಬಾಶಿ ಅಂತ ಬರೆದರೆ ಓದಿದವರು ನಗುತ್ತಾರೆ ಅಷ್ಟೆ.

ಜಾರುವ ಜಾಗಗಳು

ಬ್ರಿಗೇಡಿಯರ್ ವಿಷಯ ಮೊದಲು. ಅರಬ್ಬಿಯಲ್ಲಿ ಬ್ರಿಗೇಡ್ ಅನ್ನುವ ಪಡೆಗೆ ಲಿವಾ ಅಂತಾರೆ. ಮೇಜರ್ ಜನರಲ್ ಅನ್ನುವ ಪದವಿಗೂ ಲಿವಾ ಅಂತಾರೆ. ಬ್ರಿಗೇಡಿಯರ್ ಅಂದರೆ ಬ್ರಿಗೇಡಿನ ಮುಖ್ಯಸ್ಥ ತಾನೇ ಅಂತ ಅನುವಾದ ಮಾಡುವವರು ಲಿವಾ ಹಾಕಿಬಿಟ್ಟರೆ ಒಂದು ಮೆಟ್ಟಿಲು ಮೇಲೆ ಹೋಯಿತು. ಬ್ರಿಗೇಡಿಯರ್‌ಗೆ ಅಮೀದ್ ಅಂತಲೇ ಇರಬೇಕು.

ಜೋಡಿ ಪದಗಳಲ್ಲಿ ಇನ್ನೊಂದು ತೊಂದರೆ. ಲೆಫ್ಟಿನೆಂಟ್ ಕರ್ನಲ್ ಅನ್ನುವುದನ್ನು ಒಡೆದು ಲೆಫ್ಟಿನೆಂಟ್‌ಗೆ ಮುಲಾಝಿಮ್, ಕರ್ನಲ್‌ಗೆ ಅಕೀದ್ ಅಂತ ಎರಡನ್ನೂ ಅಂಟಿಸಿ ಬರೆದರೆ ಅಂಥ ರ‍್ಯಾಂಕೇ ಜಗತ್ತಿನಲ್ಲಿ ಇಲ್ಲ. ಮೇಜರ್ ಜನರಲ್ ಕೂಡ ಹಾಗೇ. ಇಂಗ್ಲಿಷಿನಲ್ಲಿ ಎರಡು ಪದ ಇದ್ದಲ್ಲಿ ಅರಬ್ಬಿಯಲ್ಲಿ ಒಂದೇ ಪದ ಸಾಕು. ಅನುವಾದದ ಕಾಗದದಲ್ಲಿ ರ‍್ಯಾಂಕಿನ ಜಾಗದಲ್ಲಿ ಎರಡು ಪದ ಕಂಡರೆ, ಎರಡನೆಯದು ಅವ್ವಲ್, ಸಾನಿ ಅಥವಾ ಮುಂದೆ ಹೇಳುವ ಫಖ್ರೀ, ಬಹ್ರೀಯಂಥ ಬಾಲ ಅಲ್ಲದಿದ್ದರೆ, ಇದೇನು ಅಂತ ಒಮ್ಮೆ ಕೇಳಿ.

ಕ್ಯಾಪ್ಟನ್ ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಗಿದೆಯೋ ಹಾಗೇ ಅರಬ್ಬಿ ಅಕ್ಷರದಲ್ಲಿ ಕಾಬ್ತನ್ ಅಂತ ಬರೆಯುವವರೂ ಇದ್ದಾರೆ. ಅದನ್ನು ಓದಿದವರು ಮಿಲ್ಟ್ರಿ ಅಂತ ಅಂದುಕೊಳ್ಳುವುದೇ ಇಲ್ಲ. ಅಲ್ಲಿ ಫುಟ್‌ಬಾಲ್ ಕೋಚಿಗೂ ಕಾಬ್ತನ್, ವಿಮಾನದ ಪೈಲಟ್‌ಗೂ ಕಾಬ್ತನ್, ಆ್ಯಪ್‌ನಲ್ಲಿ ಬುಕ್ ಮಾಡಿದ ಟ್ಯಾಕ್ಸಿ ಡ್ರೈವರ್‌ಗೂ ಕಾಬ್ತನ್. ಹಾಗಾಗಿ ನಕೀಬ್ ಅಂತ ಬರೆಸಿ.

ಈಗ ಅಕ್ಷರದ ಮಟ್ಟಕ್ಕೆ ಇಳಿಯೋಣ. ಅರಬ್ಬಿ ಓದಲು ಬರದಿದ್ದರೂ ಚುಕ್ಕೆ ಎಣಿಸಲು ಬರುತ್ತದಲ್ಲ, ಅಷ್ಟು ಸಾಕು. ಕ್ಯಾಪ್ಟನ್ ಅಂದರೆ ನಕೀಬ್, ಹವಾಲ್ದಾರ್ ಅಥವಾ ಸಾರ್ಜೆಂಟ್ ಅಂದರೆ ರಕೀಬ್. ಎರಡಕ್ಕೂ ಮೊದಲ ಅಕ್ಷರದಲ್ಲಿ ಮಾತ್ರ ವ್ಯತ್ಯಾಸ. ಬೆರಳು ಜಾರಿದರೆ ಕ್ಯಾಪ್ಟನ್ ಹೋಗಿ ಹವಾಲ್ದಾರ್. ಪದದ ಮೇಲ್ಭಾಗ ನೋಡಿ. ನಕೀಬ್ ಬರೆದಾಗ ಮೇಲೆ ಮೂರು ಚುಕ್ಕೆ ಬರುತ್ತದೆ, ಮೊದಲ ಅಕ್ಷರದ ಮೇಲೆ ಒಂದು, ಎರಡನೆಯದರ ಮೇಲೆ ಎರಡು. ರಕೀಬ್ ಬರೆದಾಗ ಮೇಲೆ ಎರಡೇ ಚುಕ್ಕೆ, ಮೊದಲ ಅಕ್ಷರ ಚುಕ್ಕೆ ಇಲ್ಲದೆ ಗೆರೆಯ ಕೆಳಗೆ ಬಾಲದ ಹಾಗೆ ಇಳಿದಿರುತ್ತದೆ. ಕ್ಯಾಪ್ಟನ್‌ಗೆ ಭುಜದ ಮೇಲೆ ಮೂರು ನಕ್ಷತ್ರ, ಪದದ ಮೇಲೆ ಮೂರು ಚುಕ್ಕೆ. ಹೀಗೆ ನೆನಪಿಡಿ.

ಕರ್ನಲ್ ಮತ್ತು ಬ್ರಿಗೇಡಿಯರ್ ಇನ್ನೊಂದು ಜೋಡಿ. ಅಕೀದ್ ಮತ್ತು ಅಮೀದ್ ದೂರದಿಂದ ನೋಡಿದರೆ ಒಂದೇ ಪದ. ಮಧ್ಯದ ಒಂದು ಅಕ್ಷರ ಬೇರೆ. ಮೇಲೆ ಎರಡು ಚುಕ್ಕೆ ಇದ್ದರೆ ಅಕೀದ್, ಅಂದರೆ ಕರ್ನಲ್. ಮೇಲೆ ಚುಕ್ಕೆಯೇ ಇಲ್ಲ, ಕೆಳಗೆ ಮಾತ್ರ ಎರಡು ಇದೆ ಅಂದರೆ ಅಮೀದ್, ಬ್ರಿಗೇಡಿಯರ್. ಜೆರಾಕ್ಸ್ ಪ್ರತಿ ಇಟ್ಟುಕೊಂಡು ಇದನ್ನು ನೋಡಬೇಡಿ, ಜೆರಾಕ್ಸಿನಲ್ಲಿ ಚುಕ್ಕೆ ಅಳಿಸಿಹೋಗಿರುತ್ತದೆ, ಇಲ್ಲದಿದ್ದರೆ ಕೊಳೆ ಬಿದ್ದು ಹೊಸ ಚುಕ್ಕೆ ಹುಟ್ಟಿರುತ್ತದೆ. ಮೂಲ ಪ್ರತಿಯನ್ನೇ ನೋಡಿ.

ಫೋನಿನ ಅನುವಾದ ಆ್ಯಪ್‌ನಲ್ಲಿ ಹಿಂದಕ್ಕೆ ತಿರುಗಿಸಿ ನೋಡುವುದು ಒಳ್ಳೆಯದೇ. ಆದರೆ ಗಾಬರಿ ಬೇಡ. ಅಮೀದ್ ಅಂತ ಹಾಕಿದರೆ ಕಾಲೇಜಿನ ಡೀನ್ ಅಂತ ತೋರಿಸಬಹುದು, ರಾಯಿದ್‌ಗೆ ಮುಂದಾಳು ಅಂತಲೋ ಮೊದಲಿಗ ಅಂತಲೋ ಬರಬಹುದು, ಫರೀಕ್‌ಗೆ ಟೀಮ್ ಅಂತ ಬರುತ್ತದೆ. ಆ ಪದಗಳಿಗೆ ಆ ಅರ್ಥವೂ ಇದೆ. ಪದದ ಮುಂದೆ ಸೇನೆಯ ರ‍್ಯಾಂಕ್ ಅನ್ನುವ ಅರ್ಥದ ರುತ್ಬ ಪದ ಸೇರಿಸಿ ಮತ್ತೆ ಹಾಕಿದರೆ ಸಾಮಾನ್ಯವಾಗಿ ಸರಿಯಾಗಿ ಬರುತ್ತದೆ. ಮುಕದ್ದಮ್ ಅಂದಾಗ ಬಯಲುಸೀಮೆಯ ಕಬ್ಬು ಕಡಿಯುವ ಗ್ಯಾಂಗಿನ ಮುಕಾದಮ ನೆನಪಾದರೆ ತಪ್ಪಲ್ಲ, ಪದ ಅದೇ. ಆದರೆ ದುಬೈಯಲ್ಲಿ ಮುಕದ್ದಮ್ ಎದುರಿಗೆ ಬಂದರೆ ಎದ್ದು ನಿಲ್ಲಿ.

ಜೆಸಿಒಗಳ ಕಥೆ

ಕೊಡಗಿನವರಿಗೆ ನಿಜವಾಗಿ ಬೇಕಾಗಿರುವುದು ಇದು. ಆಫೀಸರ್ ಆಗಿ ನಿವೃತ್ತರಾದವರು ದುಬೈಗೆ ಕಾಗದ ಹಿಡಿದು ಓಡುವುದು ಕಮ್ಮಿ. ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್ ಆದವರೇ ಜಾಸ್ತಿ.

ಈ ಮೂರು ರ‍್ಯಾಂಕು ಭಾರತ, ಪಾಕಿಸ್ತಾನ ಬಿಟ್ಟರೆ ಬೇರೆ ಕಡೆ ಹೀಗೆ ಸಿಗುವುದೇ ಕಷ್ಟ. ಬ್ರಿಟಿಷರು ತಮ್ಮ ಬಿಳಿ ಆಫೀಸರ್‌ಗಳಿಗೂ ಇಲ್ಲಿನ ಸಿಪಾಯಿಗಳಿಗೂ ಮಧ್ಯೆ ಒಂದು ಸಾಲು ಮಾಡಿಟ್ಟಿದ್ದರು, ಅದು ಹಾಗೇ ಉಳಿದುಬಂತು. ಜಮಾದಾರ್ ಅಂತ ಇದ್ದದ್ದನ್ನು 1965ರಲ್ಲಿ ನಾಯಬ್ ಸುಬೇದಾರ್ ಮಾಡಿದರು, ಅಷ್ಟೇ ಬದಲಾವಣೆ. ಅರಬ್ ಸೇನೆಗಳಲ್ಲಿ ಈ ಎತ್ತರಕ್ಕೆ ಹತ್ತಿರ ಬರುವ ಮೆಟ್ಟಿಲು ಇದೆ, ಆದರೆ ದೇಶಕ್ಕೊಂದು ಹೆಸರು. ಎಮಿರೇಟ್ಸ್‌ನಲ್ಲಿ, ಅಂದರೆ ದುಬೈ ಇರುವ ಯುಎಇಯಲ್ಲಿ, ವಕೀಲ್ ಅಂತಾರೆ. ಈಜಿಪ್ಟಿನಲ್ಲಿ ಮುಸಾಯಿದ್. ಇರಾಕಿನಲ್ಲಿ ನಾಯಿಬ್ ದಾಬಿತ್. ಸೌದಿಯಲ್ಲಿ ಸಾರ್ಜೆಂಟ್‌ಗಳ ಸಾಲಿನ ತುದಿಯಲ್ಲಿ ರಯೀಸ್ ರುಕಬಾ ಅಂತ ಇದೆ. ಎಮಿರೇಟ್ಸ್ ಕಾಗದದಲ್ಲಿ ನಿಮ್ಮನ್ನು ವಕೀಲ್ ಅಂತ ಬರೆದಿದ್ದರೆ ಕೋರ್ಟಿನ ಲಾಯರ್ ಮಾಡಿಬಿಟ್ಟರು ಅಂತ ಜಗಳಕ್ಕೆ ಹೋಗಬೇಡಿ.

ತೊಂದರೆ ಏನೆಂದರೆ ಇವು ಯಾವುದೂ ಸುಬೇದಾರ್‌ಗೆ ಸರಿಸಮ ಅಲ್ಲ. ಅಲ್ಲಿ ಒಂದೋ ಎರಡೋ ಮೆಟ್ಟಿಲು, ನಮ್ಮಲ್ಲಿ ಮೂರು. ಅದಕ್ಕೇ ನಾನು ಹೇಳುವುದು, ಸುಬೇದಾರ್ ಅನ್ನುವುದನ್ನು ಅರಬ್ಬಿ ಅಕ್ಷರದಲ್ಲಿ ಸುಬೇದಾರ್ ಅಂತಲೇ ಬರೆಸಿ. ಪಕ್ಕದಲ್ಲಿ, ಭಾರತೀಯ ಸೇನೆಯಲ್ಲಿ ಹವಾಲ್ದಾರ್‌ಗಿಂತ ಮೇಲೆ, ಲೆಫ್ಟಿನೆಂಟ್‌ಗಿಂತ ಕೆಳಗೆ ಇರುವ ರ‍್ಯಾಂಕು ಅಂತ ಒಂದು ಸಾಲು. ಭಾರತೀಯ ಸೇನೆಗೆ ಅರಬ್ಬಿಯಲ್ಲಿ ಅಲ್ ಜೈಶ್ ಅಲ್ ಹಿಂದಿ ಅಂತಾರೆ, ಆ ಸಾಲಿನಲ್ಲಿ ಅದು ಇರಲೇಬೇಕು. ಬೇಕಿದ್ದರೆ ಆ ದೇಶದ ಹತ್ತಿರದ ರ‍್ಯಾಂಕನ್ನೂ ‘ಸುಮಾರು ಇದಕ್ಕೆ ಸಮ’ ಅಂತ ಸೇರಿಸಬಹುದು. ಆಗ ಸುಳ್ಳೂ ಆಗಲ್ಲ, ಓದುವವರಿಗೆ ಅಂದಾಜೂ ಸಿಗುತ್ತದೆ.

ಜೆಸಿಒ ಅನ್ನುವುದನ್ನು ಬಿಡಿಸಿ ಜೂನಿಯರ್ ಕಮಿಷನ್ಡ್ ಆಫೀಸರ್ ಅಂತ ಕೊಟ್ಟರೆ ಅದು ಅರಬ್ಬಿಯಲ್ಲಿ ಕಿರಿಯ ಆಫೀಸರ್ ಅಂತ ಓದಿಸುತ್ತದೆ, ಅಂದರೆ ಲೆಫ್ಟಿನೆಂಟ್ ಅಂತ. ಸಮವಸ್ತ್ರದ ಫೋಟೋ ಜೊತೆಗಿದ್ದರೆ ಇನ್ನೂ ಗೊಂದಲ, ಯಾಕೆಂದರೆ ನಾಯಬ್ ಸುಬೇದಾರ್‌ಗೆ ಒಂದು ನಕ್ಷತ್ರ, ಸುಬೇದಾರ್‌ಗೆ ಎರಡು, ಸುಬೇದಾರ್ ಮೇಜರ್‌ಗೆ ಸಿಂಹ. ಅದರ ಜೊತೆ ಅಡ್ಡಕ್ಕೆ ಕೆಂಪು ಹಳದಿ ಪಟ್ಟಿ ಇರುತ್ತದಲ್ಲ, ಅದೇ ವ್ಯತ್ಯಾಸ. ಆ ಪಟ್ಟಿ ನಮಗೆ ಗೊತ್ತು, ಅವರಿಗೆ ಏನು ಗೊತ್ತು? ಎರಡು ನಕ್ಷತ್ರ ಕಂಡರೆ ಮುಲಾಝಿಮ್ ಅವ್ವಲ್ ಅಂತ ಬರೆಯುತ್ತಾರೆ. ಫೋಟೋ ಕೊಡುವ ಅಗತ್ಯವೇ ಇಲ್ಲ, ಕೊಡಬೇಡಿ.

ಇನ್ನು ನಾಯಬ್ ಅನ್ನುವ ಪದ. ಅದು ಅರಬ್ಬಿಯದೇ, ನಾಯಿಬ್ ಅಂದರೆ ಬದಲಿಗೆ ಇರುವವನು, ಉಪ ಅಂತ. ಹವಾಲ್ದಾರ್‌ನಲ್ಲೂ ಅರಬ್ಬಿಯ ಹವಾಲಾ ಇದೆ, ಸುಪರ್ದಿಗೆ ಕೊಟ್ಟದ್ದು ಅಂತ, ಅದಕ್ಕೆ ಪಾರ್ಸಿಯ ದಾರ್ ಸೇರಿದೆ. ರಿಸಾಲ್ದಾರ್, ಜಮಾದಾರ್ ಕೂಡ ಇದೇ ಜಾತಿ. ಹಾಗಂತ ಪದವನ್ನು ತವರಿಗೆ ಕಳಿಸಿದರೆ ತಾನೇ ಅರ್ಥವಾಗುತ್ತದೆ ಅಂದುಕೊಳ್ಳಬೇಡಿ. ಕುವೈತಿನಲ್ಲಿ ನಾಯಿಬ್ ಅಂದರೆ ಪಾರ್ಲಿಮೆಂಟ್ ಮೆಂಬರ್. ಹವಾಲಾ ಅಂದರೆ ದುಡ್ಡು ಕಳಿಸುವುದು. ಬರೀ ನಾಯಿಬ್ ಅಂತ ಬಿಟ್ಟರೆ ಎಂಪಿ ಸಾಹೇಬರು ಗೇಟ್ ಡ್ಯೂಟಿಗೆ ಯಾಕೆ ಬಂದರು ಅಂತ ಕೇಳುವುದು ಬಾಕಿ. ನಾಯಬ್ ಸುಬೇದಾರ್ ಅಂತ ಎರಡೂ ಒಟ್ಟಿಗೆ, ವಿವರಣೆಯ ಸಾಲಿನ ಜೊತೆ ಇರಲಿ.

ಸುಬೇದಾರ್ ಮೇಜರ್‌ನಲ್ಲಿರುವ ಮೇಜರ್ ಅನ್ನುವುದಕ್ಕೆ ರಾಯಿದ್ ಅಂತ ಹಾಕಲೇಬಾರದು. ಕಂಪನಿ ಹವಾಲ್ದಾರ್ ಮೇಜರ್‌ಗೂ ಇದೇ ಮಾತು. ಇಲ್ಲಿ ಮೇಜರ್ ಅಂದರೆ ಹಿರಿಯ ಅಂತ ಮಾತ್ರ.

ಆನರರಿ ಕ್ಯಾಪ್ಟನ್, ಆನರರಿ ಲೆಫ್ಟಿನೆಂಟ್ ಆದವರು ನಮ್ಮಲ್ಲಿ ಸಾಕಷ್ಟು ಜನ ಇದ್ದಾರೆ. ಆಗಸ್ಟ್ 15, ಜನವರಿ 26ಕ್ಕೆ ಜೆಸಿಒಗಳಿಗೆ ಸಿಗುವ ಗೌರವ. ಗಳಿಸಿದ್ದು, ಹೇಳಿಕೊಳ್ಳಲೇಬೇಕು. ಅರಬ್ಬಿಯಲ್ಲಿ ಫಖ್ರೀ ಅನ್ನುವ ಪದ ಸೇರಿಸಿ ನಕೀಬ್ ಫಖ್ರೀ ಅಂತ ಬರೆಸಿ. ಫಖ್ರೀ ಬಿಟ್ಟುಹೋಗಿದೆಯಾ ಅಂತ ಎರಡು ಸಲ ನೋಡಿ, ಅದು ಬಿಟ್ಟುಹೋದರೆ ಮತ್ತೆ ಅದೇ ಪುಕ್ಕಟೆ ಬಡ್ತಿಯ ಕಥೆ. ಪಿಂಚಣಿ ಕಾಗದದಲ್ಲಿ ಇರುವ ಮೂಲ ರ‍್ಯಾಂಕನ್ನೂ ಜೊತೆಗೆ ಹಾಕಿಸಿದರೆ ಇನ್ನೂ ಒಳ್ಳೆಯದು.

ಹವಾಲ್ದಾರ್‌ನಿಂದ ಕೆಳಗೆ

ಹವಾಲ್ದಾರ್‌ಗೆ ರಕೀಬ್, ನಾಯಕ್‌ಗೆ ಅರೀಫ್, ಸಿಪಾಯಿಗೆ ಜುಂದಿ. ಲ್ಯಾನ್ಸ್ ನಾಯಕ್‌ಗೆ ಕೆಲವು ಕಡೆ ಜುಂದಿ ಅವ್ವಲ್, ಕೆಲವು ಕಡೆ ನಾಯಿಬ್ ಅರೀಫ್. ತೋಳಿನ ಪಟ್ಟಿ ಎಣಿಸಿ ಹೋಲಿಸಬೇಡಿ, ಅದು ಒಂದೊಂದು ದೇಶದಲ್ಲಿ ಒಂದೊಂದು ಥರ. ಸಿಪಾಯಿ ಬಿಟ್ಟು ಉಳಿದವರಿಗೆ ಸೇರಿಸಿ ಹೇಳುವ ಎನ್‌ಸಿಒ (ನಾನ್ ಕಮಿಷನ್ಡ್ ಆಫೀಸರ್) ಅನ್ನುವುದಕ್ಕೆ ಅರಬ್ಬಿಯಲ್ಲಿ ದಾಬಿತ್ ಸಫ್ ಅಂತಾರೆ. ಬರೀ ದಾಬಿತ್ ಅಂದರೆ ಆಫೀಸರ್. ಸಫ್ ಇದೆಯಾ ನೋಡಿಕೊಳ್ಳಿ. ಇಷ್ಟೇ, ಇಲ್ಲಿ ಹೆಚ್ಚು ಗೋಜಲಿಲ್ಲ.

ನೇವಿ ಮತ್ತು ಏರ್‌ಫೋರ್ಸ್

ಬಹಳಷ್ಟು ಅರಬ್ ದೇಶಗಳಲ್ಲಿ ಮೂರೂ ಪಡೆಗೆ ಒಂದೇ ಹೆಸರಿನ ಸಾಲು. ನಮ್ಮ ಹಾಗೆ ವಿಂಗ್ ಕಮಾಂಡರ್, ಕಮೋಡೋರ್ ಅಂತ ಬೇರೆ ಬೇರೆ ಇಲ್ಲ. ಸೈನ್ಯದ ಹೆಸರನ್ನೇ ಹಾಕಿ ನೇವಿಗೆ ಬಹ್ರೀ ಅಂತ ಬಾಲ ಸೇರಿಸುತ್ತಾರೆ, ಪೈಲಟ್ ಆದರೆ ತಯ್ಯಾರ್ ಅಂತ. ಇದರಿಂದ ಕೆಲಸ ಸಲೀಸು, ನಮ್ಮ ರ‍್ಯಾಂಕು ಸೈನ್ಯದ ಯಾವುದಕ್ಕೆ ಸಮ ಅಂತ ಗೊತ್ತಿದ್ದರೆ ಸಾಕು. ಫ್ಲೈಟ್ ಲೆಫ್ಟಿನೆಂಟ್ ಕ್ಯಾಪ್ಟನ್‌ಗೆ ಸಮ, ಹಾಗಾಗಿ ನಕೀಬ್. ಸ್ಕ್ವಾಡ್ರನ್ ಲೀಡರ್ ರಾಯಿದ್. ವಿಂಗ್ ಕಮಾಂಡರ್ ಮುಕದ್ದಮ್. ಗ್ರೂಪ್ ಕ್ಯಾಪ್ಟನ್ ಅಕೀದ್. 1965ರ ಯುದ್ಧದಲ್ಲಿ ಸರ್ಗೋಧಾ ದಾಳಿಗೆ ಹೋಗಿ ಮರಳಿ ಬಾರದ, 1988ರಲ್ಲಿ ಮಹಾವೀರ ಚಕ್ರ ಪಡೆದ ನಮ್ಮ ಅಜ್ಜಮಾಡ ದೇವಯ್ಯನವರು ಸ್ಕ್ವಾಡ್ರನ್ ಲೀಡರ್, ಅರಬ್ಬಿಯಲ್ಲಿ ಬರೆಯುವುದಾದರೆ ರಾಯಿದ್ ತಯ್ಯಾರ್.

ನೇವಿಯಲ್ಲಿ ಎರಡು ಕಡೆ ಹುಷಾರು. ನೇವಿಯ ಲೆಫ್ಟಿನೆಂಟ್ ಸೈನ್ಯದ ಕ್ಯಾಪ್ಟನ್‌ಗೆ ಸಮ, ಆದ್ದರಿಂದ ನಕೀಬ್ ಬಹ್ರೀ. ನೇವಿಯ ಕ್ಯಾಪ್ಟನ್ ಸೈನ್ಯದ ಕರ್ನಲ್‌ಗೆ ಸಮ, ಆದ್ದರಿಂದ ಅಕೀದ್ ಬಹ್ರೀ. ಇಲ್ಲಿ ನಕೀಬ್ ಹಾಕಿದರೆ ಇಪ್ಪತ್ತು ವರ್ಷದ ಸರ್ವಿಸ್ಸು ನೀರಲ್ಲಿ ಮುಳುಗಿತು ಅಂತ ತಿಳಿಯಿರಿ. ಗ್ರೂಪ್ ಕ್ಯಾಪ್ಟನ್‌ಗೂ ಹೀಗೆ ಆಗುವುದುಂಟು.

ನಿವೃತ್ತ ಅನ್ನುವುದನ್ನು ಎಲ್ಲಿ ಹಾಕಬೇಕು

ನಿವೃತ್ತ ಅನ್ನುವುದಕ್ಕೆ ಮುತಕಾಯಿದ್. ಮಾಜಿ ಅನ್ನುವುದಕ್ಕೆ ಸಾಬಿಕ್ ಅನ್ನುವ ಪದವೂ ಇದೆ, ಆದರೆ ಅದನ್ನು ಹಾಕಿದರೆ ಮಧ್ಯದಲ್ಲೇ ಬಿಟ್ಟು ಬಂದವರೂ ಆಗಿರಬಹುದು ಅನ್ನಿಸುತ್ತದೆ. ಪಿಂಚಣಿ ಇರುವವರು ಮುತಕಾಯಿದ್ ಅಂತಲೇ ಹಾಕಿಸಿ. ನಮ್ಮಲ್ಲಿ ರ‍್ಯಾಂಕು, ಹೆಸರು, ಕೊನೆಗೆ ನಿವೃತ್ತ ಅಂತ ಬರೆಯಬೇಕು, ರ‍್ಯಾಂಕಿಗೆ ನಿವೃತ್ತಿ ಇಲ್ಲ, ವ್ಯಕ್ತಿಗೆ ಮಾತ್ರ ಅಂತ ಸೇನೆಯವರು 2014ರಲ್ಲೇ ಹೇಳಿದ್ದಾರೆ. ಅರಬ್ಬಿಯಲ್ಲಿ ಅಲ್ ಅಕೀದ್ ಅಲ್ ಮುತಕಾಯಿದ್ ಅಂತ ರ‍್ಯಾಂಕಿನ ಬೆನ್ನಿಗೇ ಬರುವುದು ಮಾಮೂಲಿ. ಅದನ್ನು ತಿದ್ದಿಸಲು ಹೋಗಬೇಡಿ, ಅವರ ಭಾಷೆಯ ಜಾಯಮಾನ ಹಾಗೆ. ಫೀಲ್ಡ್ ಮಾರ್ಷಲ್‌ಗೆ ಮಾತ್ರ ನಿವೃತ್ತಿಯೇ ಇಲ್ಲ, ಜೀವ ಇರುವವರೆಗೂ ಅದೇ ಪದವಿ. ಹಾಗಾಗಿ ಕಾರ್ಯಪ್ಪನವರ ಬಗ್ಗೆ ಬರೆಯುವಾಗ ಮುಶೀರ್ ಮುತಕಾಯಿದ್ ಅಂತ ಬರೆದರೆ ತಪ್ಪು.

ಅರಬ್ಬಿ ರ‍್ಯಾಂಕಿನ ಪಕ್ಕದಲ್ಲಿ ಕೆಲವೊಮ್ಮೆ ರುಕ್ನ್ ಅನ್ನುವ ಪದ ಕಾಣುತ್ತದೆ, ಅಕೀದ್ ರುಕ್ನ್, ಅಮೀದ್ ರುಕ್ನ್ ಅಂತ. ಸ್ಟಾಫ್ ಕಾಲೇಜ್ ಮುಗಿಸಿದ ಆಫೀಸರ್ ಅಂತ ಅರ್ಥ. ನಮ್ಮಲ್ಲಿ ನೀಲಗಿರಿಯ ವೆಲ್ಲಿಂಗ್ಟನ್ ಸ್ಟಾಫ್ ಕಾಲೇಜಿನಲ್ಲಿ ಓದಿ ಬಂದವರಿಗೆ ಹತ್ತಿರದ ಮಾತು. ಅದು ಇಲ್ಲದವರಿಗೆ ಅಲಂಕಾರಕ್ಕೆ ಅಂತ ಯಾರಾದರೂ ಸೇರಿಸಿದ್ದರೆ ತೆಗೆಸಿ.

ಅಜ್ಜನ ಕಾಗದ ಇದ್ದರೆ

ಕೆಲವರು ವಂಶದ ಇತಿಹಾಸ ಅಂತ ಐನ್‌ಮನೆಯ (ಮನೆತನದ ಮೂಲ ಮನೆಯ) ಪೆಟ್ಟಿಗೆಯಲ್ಲಿರುವ ಹಳೆ ಕಾಗದ ತರುತ್ತಾರೆ. ಅದರಲ್ಲಿ ಸುಬೇದಾರ್ ಅಂತ ಇದ್ದರೆ ಮಿಲ್ಟ್ರಿ ಅಂತ ಹಾರಬೇಡಿ. ಬ್ರಿಟಿಷರ ಕಾಲದ ಕೊಡಗಿನಲ್ಲಿ ತಾಲೂಕಿನ ಕಂದಾಯ ಅಧಿಕಾರಿಗೆ, ಬೇರೆ ಕಡೆ ತಹಶೀಲ್ದಾರ್ ಅನ್ನುವವರಿಗೆ, ಇಲ್ಲಿ ಸುಬೇದಾರ್ ಅಂತಲೇ ಕರೆಯುತ್ತಿದ್ದರು. ಅವರ ಕೆಳಗೆ ನಾಡಿಗೊಬ್ಬ ಪಾರ್ಪತ್ಯಗಾರ. ಬ್ರಿಟಿಷರ ವಿರುದ್ಧ ಎದ್ದು 1837ರಲ್ಲಿ ಮಡಿಕೇರಿಯಲ್ಲಿ ಗಲ್ಲಿಗೇರಿದ ಗುಡ್ಡೆಮನೆ ಅಪ್ಪಯ್ಯಗೌಡರ ಹೆಸರಿನ ಮುಂದೆಯೂ ಸುಬೇದಾರ್ ಇದೆ, ಅದು ಇವತ್ತಿನ ಪಲ್ಟನ್ನಿನ ಜೆಸಿಒ ಸುಬೇದಾರ್ ಅಲ್ಲ. ಕಾಗದದಲ್ಲಿ ಪಲ್ಟನ್ ಹೆಸರು, ನಂಬರ್ ಇದೆಯಾ ನೋಡಿ. ಅದರ ಬದಲು ಕಂದಾಯ, ಜಮ್ಮಾ ಜಮೀನು, ನಾಡು ಅಂತೆಲ್ಲ ಬಂದರೆ ಅವರು ತಾಲೂಕು ಕಚೇರಿಯವರು. ಸರ್ದಾರ್ ಬಹಾದೂರ್ ಅಂತ ಇದ್ದರೆ ಅದು ಬಿರುದು, ರ‍್ಯಾಂಕ್ ಅಲ್ಲ, ಅನುವಾದ ಮಾಡದೆ ಹೆಸರಿನ ಭಾಗದ ಹಾಗೆ ಬರೆಸಿ.

ಕಾಗದದ ಓಡಾಟ

ಮೊದಲು ಇಂಗ್ಲಿಷ್ ಕಾಗದದಲ್ಲೇ ಎಲ್ಲ ಸರಿಯಾಗಿದೆಯಾ ನೋಡಿ. ಡಿಸ್ಚಾರ್ಜ್ ಬುಕ್ಕು, ಪಿಪಿಒ (ಪಿಂಚಣಿ ಆದೇಶ), ಮಾಜಿ ಸೈನಿಕರ ಗುರುತಿನ ಚೀಟಿ, ಮೂರರಲ್ಲೂ ರ‍್ಯಾಂಕು ಒಂದೇ ಇರಬೇಕು. ಬೇರೆ ಬೇರೆ ಇದ್ದರೆ ಅರಬ್ಬಿಗೆ ಹೋಗುವ ಮೊದಲೇ ತಿದ್ದಿಸಿಕೊಳ್ಳಬೇಕು. ಅದಕ್ಕೆ ನಿಮ್ಮ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಬರೆಯಬೇಕು, ಹೇಗೆ ಅಂತ ಗೊತ್ತಾಗದಿದ್ದರೆ ಮಡಿಕೇರಿಯಲ್ಲಿರುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.

ದೃಢೀಕರಣದ ದಾರಿ ದೇಶದ ಮೇಲೆ ಹೋಗುತ್ತದೆ. ಒಮಾನ್, ಬಹ್ರೇನ್‌ಗೆ ಅಪೊಸ್ಟಿಲ್ (ನಮ್ಮ ವಿದೇಶಾಂಗ ಸಚಿವಾಲಯ ಹಾಕುವ ಒಂದೇ ದೃಢೀಕರಣ) ನಡೆಯುತ್ತದೆ, ಸೌದಿಯೂ 2022ರ ಡಿಸೆಂಬರ್‌ನಿಂದ ಅದಕ್ಕೆ ಸೇರಿದೆ. ಎಮಿರೇಟ್ಸ್‌ಗೆ ಹೋಗುವ ಕಾಗದಕ್ಕೆ ನಮ್ಮ ವಿದೇಶಾಂಗ ಸಚಿವಾಲಯ, ಅವರ ರಾಯಭಾರ ಕಚೇರಿ, ಆಮೇಲೆ ಅಲ್ಲಿನ ವಿದೇಶಾಂಗ ಸಚಿವಾಲಯ ಅಂತ ಸಾಲಾಗಿ ಸೀಲು ಬೀಳಬೇಕು. ಅನುವಾದವನ್ನು ಊರಲ್ಲೇ ಮಾಡಿಸಿಕೊಂಡು ಹೋದರೆ ಅಲ್ಲಿ ಒಪ್ಪುವುದು ಕಷ್ಟ, ಅಲ್ಲಿನ ನ್ಯಾಯ ಇಲಾಖೆಯ ಲೈಸೆನ್ಸ್ ಇರುವ ಅನುವಾದಕರೇ ಆಗಬೇಕು ಅಂತಾರೆ. ಹಾಗಂತ ಅವರ ಕೈಗೆ ಎಲ್ಲ ಬಿಟ್ಟು ಚಹಾ ಕುಡಿಯಲು ಹೋಗಬೇಡಿ. ಒಂದು ಚೀಟಿಯಲ್ಲಿ ಇಂಗ್ಲಿಷಿನಲ್ಲೇ ಬರೆದುಕೊಂಡು ಹೋಗಿ: ನನ್ನ ರ‍್ಯಾಂಕು ಇದು, ಇದಕ್ಕೆ ಮೇಲಿನದು ಇದು, ಕೆಳಗಿನದು ಇದು, ನಾನು ಕಮಿಷನ್ಡ್ ಆಫೀಸರ್ ಅಲ್ಲ ಅಥವಾ ಹೌದು. ಕರಡು ತೋರಿಸಲು ಹೇಳಿ, ಚುಕ್ಕೆ ಎಣಿಸಿ, ಆಮೇಲೆ ಸೀಲು. ಸೀಲು ಬಿದ್ದ ಮೇಲೆ ತಿದ್ದಿಸುವುದು ಅಂದರೆ ಮತ್ತೆ ಪೂರ್ತಿ ದುಡ್ಡು.

ಅಲ್ಲಿಗೆ ಹೋದ ಮೇಲೆ ಬಾಯಿಮಾತಿನಲ್ಲಿ ಈ ಪದಗಳು ಸ್ವಲ್ಪ ಬೇರೆ ಕೇಳಿಸುತ್ತವೆ. ಕೊಲ್ಲಿ ಕಡೆಯವರು ಆ ‘ಕ’ವನ್ನು ‘ಗ’ ಮಾಡಿ ಮಾತಾಡುವುದು ಜಾಸ್ತಿ. ಅಕೀದ್ ಹೋಗಿ ಅಗೀದ್ ಅಂತ ಕಿವಿಗೆ ಬೀಳುತ್ತದೆ. ಬರೆಯುವಾಗ ಅಕ್ಷರ ಮಾತ್ರ ಬದಲಾಗುವುದಿಲ್ಲ.

ರ‍್ಯಾಂಕಿನ ಜೊತೆ ಹೆಸರನ್ನೂ ಅಲ್ಲೇ ನೋಡಿಕೊಳ್ಳಿ. ಅರಬ್ಬಿಯಲ್ಲಿ ‘ಪ’ ಇಲ್ಲ, ‘ಬ’ ಹಾಕುತ್ತಾರೆ. ಕೊಡಗಿನವರ ಹೆಸರಲ್ಲಿ ಅಪ್ಪ ಇಲ್ಲದೆ ಹೇಗೆ? ಪೊನ್ನಪ್ಪ ಬೊನ್ನಬ್ಬ ಆಗುತ್ತಾರೆ, ಕಾರ್ಯಪ್ಪ ಕಾರ್ಯಬ್ಬ ಆಗುತ್ತಾರೆ. ಅದು ತಪ್ಪಲ್ಲ, ಬಿಟ್ಟುಬಿಡಿ. ‘ಚ’ ಕೂಡ ಇಲ್ಲ, ತ ಮತ್ತು ಶ ಸೇರಿಸಿ ಬರೆಯುತ್ತಾರೆ. ‘ಗ’ವನ್ನು ಒಬ್ಬೊಬ್ಬರು ಒಂದೊಂದು ಅಕ್ಷರದಲ್ಲಿ ಬರೆಯುವುದರಿಂದ ಚೆಂಗಪ್ಪ ಅನ್ನುವ ಒಂದೇ ಹೆಸರಿಗೆ ಮೂರು ನಾಲ್ಕು ರೂಪ ಹುಟ್ಟಿಕೊಳ್ಳುತ್ತವೆ. ಮನೆತನದ ಹೆಸರು ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದಿದ್ದು ಡಿಸ್ಚಾರ್ಜ್ ಬುಕ್ಕಿನಲ್ಲಿ ಬರೀ ಇನಿಶಿಯಲ್ ಇದ್ದರೆ ಅದೂ ಒಂದು ತಕರಾರು. ವೀಸಾದಲ್ಲಿ ಅರಬ್ಬಿ ಹೆಸರು ಹೇಗೆ ಬಿದ್ದಿದೆಯೋ ಅದರ ಪ್ರತಿಯನ್ನು ಅನುವಾದಕರಿಗೆ ಕೊಟ್ಟು, ಇದೇ ಅಕ್ಷರ, ಹೀಗೇ ಹಾಕಿ ಅಂತ ಹೇಳಿ.